ಗಣಿಯ ಆಮ್ಲಜಲಕ್ಕೆ ಎರೆಮಣ್ಣಿನ ತಡೆ: ಕರಜಗಿ ಸೀಮೆಯ ನೆಲವನ್ನು ಕುರಿತ ಒಂದು ವಿಮರ್ಶೆ

ಗಂಧಕಯುಕ್ತವಾದ ಅದುರುಗಳ ಗಣಿಗಳಿಂದ ಹೊರಡುವ ಆಮ್ಲಜಲವನ್ನು ಜೇಡಿಮಣ್ಣು ತನ್ನ ಸ್ವಭಾವದಿಂದಲೇ ತಡೆಯಬಲ್ಲುದೆಂಬ ಮತವು ಭೂವಿಜ್ಞಾನದ ಗ್ರಂಥಗಳಲ್ಲಿಯೂ ಗಣಿಗಾರಿಕೆಯ ಯೋಜನಾಪತ್ರಗಳಲ್ಲಿಯೂ ಸಾಮಾನ್ಯವಾಗಿ ಕಂಡುಬರುತ್ತದೆ. ಈ ಮತವು ನಿರಾಧಾರವೆಂದು ಹೇಳುವಂತಿಲ್ಲ. ಜೇಡಿಯಲ್ಲಿ ನೀರು ಬಹು ನಿಧಾನವಾಗಿ ಇಳಿಯುತ್ತದೆ. ಅದು ಲೋಹಗಳ ಅಣುಗಳನ್ನು ತನ್ನ ಮೈಗೆ ಹತ್ತಿಸಿಕೊಳ್ಳುತ್ತದೆ. ಸುಣ್ಣವಿದ್ದ ಕಡೆ ಹುಳಿಯನ್ನು ಮುರಿಯುತ್ತದೆ. ಆದರೆ ಈ ಮೂರು ಗುಣಗಳೂ ಒಂದೇ ವಸ್ತುವಿನವಲ್ಲ. ಮೊದಲನೆಯದು ಕಣಗಳ ಸೂಕ್ಷ್ಮತೆಯಿಂದ ಬಂದುದು, ಎರಡನೆಯದು ಖನಿಜದ ರಚನೆಯಿಂದ ಬಂದುದು, ಮೂರನೆಯದು ಮಣ್ಣಿನೊಡನೆ ಬೆರೆತ ಸುಣ್ಣದ್ದು. ಎಲ್ಲವನ್ನೂ ‘ಜೇಡಿ’ ಎಂಬ ಒಂದೇ ಮಾತಿನಲ್ಲಿ ಅಡಗಿಸಿ, ಒಂದರ ಗುಣವನ್ನು ಮತ್ತೊಂದರ ಮೇಲೆ ಆರೋಪಿಸಿದರೆ ತಾರ್ಕಿಕರು ಹೇಳುವ ಅತಿವ್ಯಾಪ್ತಿದೋಷವು ಸಂಭವಿಸುತ್ತದೆ. ಶಾಸ್ತ್ರಗ್ರಂಥದಲ್ಲಿ ಈ ದೋಷವು ಒಂದು ತಪ್ಪು ಪುಟವಾಗಿ ಮುಗಿದುಹೋಗಬಹುದು. ಗಣಿಯ ಕೆಳಗಣ ಊರಿನ ಬಾವಿಯಲ್ಲಾದರೋ ಅದು ಕುಡಿಯುವ ನೀರಿಗೆ ಇಳಿಯುತ್ತದೆ.

ಈ ಮತವನ್ನು ಪರೀಕ್ಷಿಸಲು ಕಲಬುರಗಿ ಸೀಮೆಗಿಂತ ತಕ್ಕ ನೆಲವು ಕನ್ನಡನಾಡಿನಲ್ಲಿ ದೊರೆಯುವುದು ಕಷ್ಟ. ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವ ಕರಜಗಿಯು ಅಫಜಲಪುರ ತಾಲ್ಲೂಕಿನದು. ಅದೇ ಹೆಸರಿನ ಹಾವೇರಿಯ ಕಡೆಯ ಊರಲ್ಲ. ಕರಜಗಿಯಲ್ಲಿ ಗಣಿಯಿಲ್ಲ. ಅಲ್ಲಿರುವುದು ದಖ್ಖನ್ನಿನ ಕರಿಶಿಲೆ ಕರಗಿ ಉಂಟಾದ ಎರೆಮಣ್ಣು, ಭೀಮಾನದಿಯ ಬಯಲು, ಹಿಂಗಾರಿ ಜೋಳ, ತೊಗರಿ. ನದಿಯ ಜಾಡನ್ನು ಹಿಡಿದು ಆಗ್ನೇಯಕ್ಕೆ ಹೋದಂತೆ ಕರಿಶಿಲೆ ಮುಗಿದು ಸುಣ್ಣಕಲ್ಲಿನ ಭೀಮಾ ಶ್ರೇಣಿಯು ಕಾಣಿಸಿಕೊಳ್ಳುತ್ತದೆ. ರಾಬರ್ಟ್ ಬ್ರೂಸ್ ಫೂಟರು 1876ರಲ್ಲಿ ಪ್ರಕಟವಾದ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಗ್ರಂಥದಲ್ಲಿ ಈ ಶ್ರೇಣಿಯನ್ನು ವರ್ಣಿಸಿರುವರು. ಅದಕ್ಕೂ ಆಚೆ ಕಣಶಿಲೆಯೂ ಅದರ ನಡುವೆ ಚಿನ್ನವನ್ನೊಳಗೊಂಡ ಪ್ರಾಚೀನ ಶಿಲಾಪಟ್ಟಿಗಳೂ ಇವೆ. ಸುರಪುರ ಸೀಮೆಯ ಮಂಗಳೂರಿನ ಹಳೆಯ ಚಿನ್ನದ ಗಣಿ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿ, ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಕಂಡುಬಂದ ಯುರೇನಿಯಂ ಅದುರು, ಇವೆಲ್ಲವೂ ಈ ಬಯಲಿನ ನೆರೆಯವು. ರೋಗವೂ ಮದ್ದೂ ಒಂದೇ ಸೀಮೆಯಲ್ಲಿರುವಾಗ, ಕರಜಗಿಯಂಥ ಊರಿನ ಎರೆಯನ್ನು ತಂದು ಗಣಿಯ ಹುಡಿಯ ತಳಕ್ಕೆ ಹಾಸಿದರೆ ಕೆಲಸ ಮುಗಿಯಿತೆಂದು ತೋರುವುದು ಸಹಜ. ಹಾಗೆ ತೋರುವುದಕ್ಕೂ ಹಾಗೆ ಆಗುವುದಕ್ಕೂ ಎಷ್ಟು ಅಂತರವಿದೆಯೆಂಬುದೇ ಪ್ರಕೃತ ವಿಚಾರ.

ಆಮ್ಲವು ಹುಟ್ಟುವ ಬಗೆಯನ್ನು ಮೊದಲು ತಿಳಿಯತಕ್ಕುದು. ಪೈರೈಟ್ ಎಂಬ ಕಬ್ಬಿಣದ ಮಾಕ್ಷಿಕವು ನೆಲದೊಳಗೆ ಗಾಳಿಯ ಸೋಂಕಿಲ್ಲದೆ ಇರುವವರೆಗೆ ನಿರುಪದ್ರವಿ. ಅದನ್ನು ತೋಡಿ ಹೊರತೆಗೆದು, ಅರೆದು, ಹುಡಿಯನ್ನು ದಿಬ್ಬವಾಗಿ ಸುರಿದಾಗ ಗಾಳಿಯೂ ನೀರೂ ಕೂಡಿ ಅದನ್ನು ಗಂಧಕಾಮ್ಲವಾಗಿ ಮಾರ್ಪಡಿಸುವುವು. ಲೆಕ್ಕಕ್ಕೆ 120 ಭಾಗ ಪೈರೈಟಿನಿಂದ 196 ಭಾಗ ಗಂಧಕಾಮ್ಲವು ಹುಟ್ಟಬಲ್ಲುದು. ಮಗುವು ತಾಯಿಗಿಂತ ತೂಕವಾದುದು. ಇದು ಬರಿಯ ರಾಸಾಯನಿಕ ಕ್ರಿಯೆಯೆಂದು ಬಹುಕಾಲ ನಂಬಿಕೆಯಿದ್ದಿತು. 1947ರಲ್ಲಿ ಕಾಲ್ಮರ್ ಮತ್ತು ಹಿಂಕಲ್ ಎಂಬ ಅಮೆರಿಕದ ವಿದ್ವಾಂಸರು ಕಲ್ಲಿದ್ದಲ ಗಣಿಗಳ ಹುಳಿನೀರಿನಲ್ಲಿ ಸೂಕ್ಷ್ಮಜೀವಿಗಳ ಕೈವಾಡವಿದೆಯೆಂದು ತೋರಿಸಿದರು. 1970ರಲ್ಲಿ ಸಿಂಗರ್ ಮತ್ತು ಸ್ಟಮ್ ಇವರು, ನೀರಿನಲ್ಲಿ ಕರಗಿದ ಕಬ್ಬಿಣವು ಫೆರಸ್ ರೂಪದಿಂದ ಫೆರಿಕ್ ರೂಪಕ್ಕೆ ತಿರುಗುವ ಹಂತವೇ ಇಡೀ ಕ್ರಿಯೆಯ ವೇಗವನ್ನು ನಿಯಮಿಸುವುದೆಂದು ಸ್ಥಾಪಿಸಿದರು. ಜೀವಿಗಳು ತ್ವರೆಗೊಳಿಸುವುದು ಈ ಹಂತವನ್ನೇ. ಈ ಹಂತಕ್ಕೆ ಆಮ್ಲಜನಕವು ಅವಶ್ಯವಾದುದರಿಂದ, ಮೊದಲು ಬಾಗಿಲು ಹಾಕಬೇಕಾದುದು ನೀರಿಗಿಂತಲೂ ಗಾಳಿಗೆ. ಬಾಗಿಲು ತೆರೆದಿದ್ದರೆ ಏನಾಗುವುದೆಂಬುದಕ್ಕೆ ಮೇಘಾಲಯದ ಜಯಂತಿಯಾ ಬೆಟ್ಟಗಳ ಹೊಳೆಗಳೇ ಸಾಕ್ಷಿ. ಅಲ್ಲಿಯ ಗಂಧಕ ತುಂಬಿದ ಕಲ್ಲಿದ್ದಲಿನ ಇಲಿಬಿಲದಂಥ ಗಣಿಗಳನ್ನು 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ನಿಷೇಧಿಸಿತು.

ಇನ್ನು ಎರೆಯ ಗುಣಗಳನ್ನು ಒಂದೊಂದಾಗಿ ತೂಗಿ ನೋಡಬಹುದು. ಮಣ್ಣು ಲವಣಗಳನ್ನು ಹಿಡಿದು ಬದಲಿಗೆ ಸುಣ್ಣವನ್ನು ಬಿಟ್ಟುಕೊಡುವುದೆಂಬುದನ್ನು ಇಂಗ್ಲೆಂಡಿನಲ್ಲಿ ಥಾಮ್ಸನ್ ಮತ್ತು ವೇ ಇವರು 1850ರಲ್ಲಿಯೇ ಪ್ರಕಟಿಸಿದ್ದರು. ಎರೆಮಣ್ಣಿನ ಮುಖ್ಯ ಖನಿಜವು ಮಾಂಟ್‌ಮೊರಿಲೊನೈಟಿನ ಕುಲಕ್ಕೆ ಸೇರಿದುದು. ಇದರ ವಿನಿಮಯಶಕ್ತಿಯು 100 ಗ್ರಾಮಿಗೆ 80ರಿಂದ 150 ಮಿಲಿತುಲ್ಯಾಂಕಗಳವರೆಗೆ ಇರುವುದು. ಕುಂಬಾರನ ಬಿಳಿಜೇಡಿಯ ಕೆಯೊಲಿನೈಟಿನಲ್ಲಿ ಈ ಶಕ್ತಿಯು ಹದಿನೈದನ್ನು ಮೀರುವುದು ಅಪೂರ್ವ. ಎರಡನ್ನೂ ಜೇಡಿಯೆಂದೇ ಕರೆಯುವರಾದರೂ ಹತ್ತು ಪಟ್ಟು ವ್ಯತ್ಯಾಸವುಂಟು. ಎರೆ, ಮಸಬು, ಕೆಂಪು, ಸವಳು, ಗರಸು ಎಂದು ನೆಲವನ್ನು ಬಿಡಿಬಿಡಿಯಾಗಿ ಹೆಸರಿಸುವ ಒಕ್ಕಲಿಗನ ಮಾತು ಇಲ್ಲಿ ಪಂಡಿತರ ಮಾತಿಗಿಂತ ಸೂಕ್ಷ್ಮವಾದುದು.

ಮಾಂಟ್‌ಮೊರಿಲೊನೈಟಿನೊಡನೆ ಬೇರೆ ಮಣ್ಣೂ ಬೆರೆತಿರುವ ಎರೆಯಲ್ಲಿ ವಿನಿಮಯಶಕ್ತಿಯು 50 ಇರುವುದೆಂದು ಎಣಿಸಿದರೆ, ಒಂದು ಟನ್ ಮಣ್ಣಿನ ಈ ಶಕ್ತಿಯೆಲ್ಲವೂ 15 ಕಿಲೋಗ್ರಾಂ ಪೈರೈಟಿನ ಆಮ್ಲಕ್ಕೆ ಸಮನಾಗುವುದು. ಅದೇ ಮಣ್ಣಿನಲ್ಲಿ ಸುಣ್ಣದ ಹರಳುಗಳು ನೂರಕ್ಕೆ ಐದರಂತಿದ್ದರೆ, ಆ 50 ಕಿಲೋಗ್ರಾಂ ಸುಣ್ಣವು 30 ಕಿಲೋಗ್ರಾಂ ಪೈರೈಟನ್ನು ಎದುರಿಸುವುದು. ಅಂದರೆ ‘ಜೇಡಿಯು ಆಮ್ಲವನ್ನು ಮುರಿಯಿತು’ ಎಂಬ ಕೀರ್ತಿಯ ಮೂರರಲ್ಲಿ ಎರಡು ಪಾಲು, ಜೇಡಿಯೇ ಅಲ್ಲದ ಹರಳಿಗೆ ಸಲ್ಲತಕ್ಕುದು. ಇಷ್ಟಾದರೂ ಈ ಮೊತ್ತವು ಅತ್ಯಲ್ಪ. ಗಂಧಕವು ಪೈರೈಟಿನ ರೂಪದಲ್ಲಿ ನೂರಕ್ಕೆ ಎರಡರಂತೆ ಇರುವ 1000 ಟನ್ ಗಣಿಹುಡಿಯನ್ನು ಪೂರ್ತಿಯಾಗಿ ಮುರಿಯಲು 62.5 ಟನ್ ಸುಣ್ಣಕಲ್ಲು ಬೇಕು. ಅಷ್ಟನ್ನು ಐದು ಪಾಲು ಸುಣ್ಣವಿರುವ ಎರೆಯಿಂದಲೇ ಒದಗಿಸುವುದಾದರೆ ಮಣ್ಣು 1250 ಟನ್ ಆಗುವುದು. ವಿಷಕ್ಕಿಂತ ಮದ್ದೇ ರಾಶಿಯಾಯಿತು. ಆದುದರಿಂದ ಎರೆಯನ್ನು ಆಮ್ಲನಾಶಕವೆಂದು ಹೊಗಳುವುದು ಹುರುಳಿಲ್ಲದ ಮಾತು. ಅದರ ಸೇವೆಯೇನಾದರೂ ಇದ್ದರೆ ಅದು ನೀರನ್ನೂ ಗಾಳಿಯನ್ನೂ ತಡೆಯುವುದರಲ್ಲಿದೆ.

ನೀರಿನ ವಿಷಯದಲ್ಲಿ ಶಾಸ್ತ್ರಕಾರರು ಒಪ್ಪಿರುವ ಅಳತೆಯೊಂದುಂಟು. ಭಾರತ ಸರ್ಕಾರವು ಪಟ್ಟಣಗಳ ಕಸದ ಗುಂಡಿಗಳಿಗಾಗಿ 2000ದಲ್ಲಿ ಮಾಡಿದ ನಿಯಮಗಳಲ್ಲಿ, ತಳದ ಜೇಡಿಯು 90 ಸೆಂಟಿಮೀಟರ್ ದಪ್ಪವಿದ್ದು, ಅದರಲ್ಲಿ ನೀರು ಹಾಯುವ ಪ್ರಮಾಣವು ಸೆಕೆಂಡಿಗೆ ಒಂದು ಸೆಂಟಿಮೀಟರಿನ ಕೋಟಿಯಲ್ಲೊಂದು ಪಾಲನ್ನು ಮೀರಬಾರದೆಂದು ವಿಧಿಸಲಾಯಿತು. ಇದು ಕೇಳುವುದಕ್ಕೆ ಶೂನ್ಯದಂತಿದ್ದರೂ ಶೂನ್ಯವಲ್ಲ. ಮೇಲೆ ನಿಂತ ನೀರಿನ ಒತ್ತಡವಿಲ್ಲದಿದ್ದರೂ ವರ್ಷಕ್ಕೆ ಮೂರು ಸೆಂಟಿಮೀಟರಿಗೆ ತುಸು ಹೆಚ್ಚು ನೀರು ಕೆಳಗಿಳಿಯುವುದು. ಮಣ್ಣಿನ ಅರ್ಧಭಾಗವು ರಂಧ್ರವೆಂದರೆ ಆ ನೀರಿನ ಮುಂಚೂಣಿಯು ವರ್ಷಕ್ಕೆ ಆರು ಸೆಂಟಿಮೀಟರಿಗೂ ಹೆಚ್ಚಾಗಿ ಸಾಗಿ, ಹದಿನಾಲ್ಕು ಹದಿನೈದು ವರ್ಷಗಳಲ್ಲಿ ಆಚೆಯ ಬದಿಯನ್ನು ಮುಟ್ಟುವುದು. ಹುಡಿಯ ಕೆರೆಯಲ್ಲಿ ನೀರು ಆಳವಾಗಿ ನಿಂತಿದ್ದರೆ ಇನ್ನೂ ಬೇಗ. ಗಣಿಹುಡಿಯಾದರೋ ನೂರಾರು ವರ್ಷ ಹುಳಿಯಬಲ್ಲುದು. ಅದೇ ನಿಯಮವು ಜೇಡಿಯ ಮೇಲೆ ಒಂದೂವರೆ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯನ್ನೂ ಕಡ್ಡಾಯಮಾಡಿತು. ಶಾಸನವೇ ಜೇಡಿಯನ್ನು ಒಂಟಿಯಾಗಿ ನಂಬಲಿಲ್ಲವೆಂಬುದು ಗಮನಾರ್ಹ.

ಪ್ರಯೋಗಶಾಲೆಯಲ್ಲಿ ಒದ್ದೆಯಾಗಿ ಅದುಮಿಟ್ಟ ಎರೆಯು ಈ ಅಳತೆಯನ್ನು ಮುಟ್ಟುವುದು ಅಸಾಧ್ಯವೇನಲ್ಲ. ಕರಜಗಿಯ ಹೊಲದಲ್ಲಿ ಚೈತ್ರ ವೈಶಾಖಗಳಲ್ಲಿ ನಿಂತು ನೋಡಿದವರಿಗೆ ಮಾತ್ರ ಅದರ ಇನ್ನೊಂದು ಮುಖವು ಗೊತ್ತು. ನೆಲವು ಬಾಯಿಬಿಟ್ಟಿರುತ್ತದೆ, ಬಿರುಕಿನಲ್ಲಿ ಇಳಿಬಿಟ್ಟ ಕೋಲು ತಳ ಮುಟ್ಟದಿರುವುದುಂಟು. ಮೇಲಿನ ಹುಡಿಮಣ್ಣು ಬಿರುಕಿನೊಳಗೆ ಬಿದ್ದು, ಮಳೆ ಬಂದಾಗ ಒಳಗಿಂದ ಉಬ್ಬಿ ಮೇಲೇಳುವುದರಿಂದ, ಎರೆಯು ತನ್ನನ್ನು ತಾನೇ ಉತ್ತುಕೊಳ್ಳುವುದೆಂಬ ಮಾತು ಹುಟ್ಟಿತು. ಮಳೆಗಾಲದ ಮೊದಲ ನೀರು ಮಣ್ಣಿನ ಮೂಲಕವಲ್ಲ, ಬಿರುಕಿನ ಮೂಲಕವೇ ನೇರವಾಗಿ ಕೆಳಗಿಳಿಯುತ್ತದೆ. ಆ ಮೊದಲ ನೀರೇ ಬೇಸಗೆಯುದ್ದಕ್ಕೂ ಹುಡಿಯ ಮೇಲೆ ಹೆಪ್ಪುಗಟ್ಟಿದ ಆಮ್ಲಲವಣಗಳನ್ನು ತೊಳೆದು ತರತಕ್ಕುದು. ಮಣ್ಣು ಉಬ್ಬಿ ಬಾಯಿ ಮುಚ್ಚುವ ವೇಳೆಗೆ ಅತಿಥಿಯು ಒಳಗೆ ಬಂದಾಗಿರುತ್ತದೆ. ಮಾಳಿಗೆಯ ಮನೆ ಕಟ್ಟುವವರು ಮೇಲ್ಮುದ್ದೆಗೆ ಅಪ್ಪಟ ಎರೆಯನ್ನು ಒಲ್ಲದೆ ಬಿರಿಯದ ಬೇರೆ ಮಣ್ಣನ್ನು ಆರಿಸುವುದು ಸುಮ್ಮನೆ ಅಲ್ಲ.

ಈ ಸಂಶಯವು ಬರಿಯ ಊಹೆಯೆಂದು ತಳ್ಳಿಹಾಕುವವರು ಆಸ್ಟ್ರೇಲಿಯದ ಉತ್ತರಭಾಗದ ರಮ್ ಜಂಗಲ್ ಗಣಿಯ ವೃತ್ತಾಂತವನ್ನು ನೋಡತಕ್ಕುದು. 1954ರಿಂದ 1971ರವರೆಗೆ ಯುರೇನಿಯಮನ್ನೂ ತಾಮ್ರವನ್ನೂ ಒದಗಿಸಿದ ಆ ಗಣಿಯ ಆಮ್ಲಜಲವು ಫಿನ್ನಿಸ್ ನದಿಯನ್ನು ಹಾಳುಮಾಡಿತು. ಅಲ್ಲಿಯೂ ಇಲ್ಲಿಯಂತೆಯೇ ಕೆಲವು ತಿಂಗಳು ಮಳೆ, ಉಳಿದ ತಿಂಗಳು ಒಣಹವೆ. 1980ರ ದಶಕದ ಪೂರ್ವಾರ್ಧದಲ್ಲಿ ಕಲ್ಲಿನ ದಿಬ್ಬಗಳ ಮೇಲೆ ಸುಮಾರು ಒಂದು ಗೇಣು ದಪ್ಪ ಅದುಮಿದ ಜೇಡಿಯನ್ನೂ ಅದರ ಮೇಲೆ ಮರಳು ಬೆರೆತ ಮಣ್ಣನ್ನೂ ಎಲ್ಲಕ್ಕಿಂತ ಮೇಲೆ ಗರಸನ್ನೂ ಹೊದಿಸಿದರು. ಹೊದಿಕೆಗೆ ಮುಂಚೆ ಮಳೆಯ ಅರ್ಧದಷ್ಟು ದಿಬ್ಬದೊಳಗೆ ಇಳಿಯುತ್ತಿದ್ದುದು, ಆಮೇಲೆ ನೂರಕ್ಕೆ ಐದಕ್ಕಿಂತ ಕೆಳಗಿಳಿಯಿತು. ಇದು ಜೇಡಿಪಕ್ಷದವರ ಜಯವೇ ಸರಿ. ಆದರೆ ಎರಡು ದಶಕ ತುಂಬುವುದರೊಳಗೆ ಆ ಪ್ರಮಾಣವು ಮತ್ತೆ ಏರತೊಡಗಿತು. ಅಗೆದು ನೋಡಲಾಗಿ ಜೇಡಿಯು ಒಣಗಿ ಬಿರಿದಿದ್ದಿತು. ಬೇರುಗಳೂ ಗೆದ್ದಲುಗಳೂ ಅದರಲ್ಲಿ ದಾರಿಮಾಡಿಕೊಂಡಿದ್ದುವು. ಮೊದಲ ಕೆಲವು ವರ್ಷಗಳ ಅಳತೆಯನ್ನು ಮಾತ್ರ ಉದ್ಧರಿಸಿ ಹೊದಿಕೆಯನ್ನು ಹೊಗಳುವ ಬರಹಗಳು, ಕಥೆಯ ಪೂರ್ವಾರ್ಧವನ್ನು ಓದಿ ಪುಸ್ತಕವನ್ನು ಮುಚ್ಚಿದಂತೆ.

ಸ್ಪೇನಿನ ಅಸ್ನಾಲ್ಕೋಯಾರಿನ ಅನುಭವವು ಬೇರೆ ಬಗೆಯದು. ಅಲ್ಲಿ ಪೈರೈಟಿನ ಹುಡಿಯ ಕೆರೆಯನ್ನು ಸುಣ್ಣ ಬೆರೆತ ಸಹಜ ಜೇಡಿಯ ಮೇಲೆಯೇ ಕಟ್ಟಿದ್ದರು. ನೆಲವು ನೀರನ್ನು ಬಿಡದೆಂಬ ನಂಬಿಕೆ. ನಂಬಿಕೆಯು ಸುಳ್ಳಾಗಲಿಲ್ಲ. ನೀರು ಬಿಡದ ಆ ಜೇಡಿಯಲ್ಲಿ ಒತ್ತಡವು ಇಳಿಯಲು ದಾರಿಯಿಲ್ಲದೆ, 1998ರ ಏಪ್ರಿಲ್ ತಿಂಗಳಲ್ಲಿ ಒಡ್ಡು ತನ್ನ ತಳದ ಮಣ್ಣಿನ ಸಮೇತ ಜಾರಿ, ಹುಳಿಹುಡಿಯು ಗ್ವಾದಿಯಾಮಾರ್ ನದಿಗೆ ಹರಿಯಿತು. ತಡೆಯಾಗಿ ಗೆದ್ದ ಮಣ್ಣು ತಳಹದಿಯಾಗಿ ಸೋತಿತು.

ಆಮ್ಲವು ಜೇಡಿಯನ್ನೇ ಏನು ಮಾಡುವುದೆಂಬ ಪ್ರಶ್ನೆಗೆ ಜೇಡಿಪಕ್ಷದ ಬರಹಗಳಲ್ಲಿ ಸಿಕ್ಕುವ ಉತ್ತರವು ಅತೃಪ್ತಿಕರ. ಎಣ್ಣೆಯನ್ನು ತಿಳಿಗೊಳಿಸಲು ಬಳಸುವ ಮಣ್ಣನ್ನು ತಯಾರಿಸುವ ಕಾರ್ಖಾನೆಗಳಲ್ಲಿ ಇದೇ ಕುಲದ ಜೇಡಿಯನ್ನು ಗಂಧಕಾಮ್ಲದಲ್ಲಿ ಕಾಯಿಸುವುದು ರೂಢಿ. ಆಮ್ಲವು ಪದರಗಳೊಳಗಿನ ಅಲ್ಯುಮಿನಿಯಮನ್ನೂ ಕಬ್ಬಿಣವನ್ನೂ ಕಿತ್ತು ಮಣ್ಣನ್ನು ರಂಧ್ರಮಯವಾಗಿ ಮಾಡುವುದರಿಂದಲೇ ಅದಕ್ಕೆ ಬಣ್ಣ ಹೀರುವ ಶಕ್ತಿ ಬರುತ್ತದೆ. ಗಣಿಯ ಹುಳಿನೀರು ಅಷ್ಟು ತೀಕ್ಷ್ಣವೂ ಅಲ್ಲ, ಬಿಸಿಯೂ ಅಲ್ಲ. ಆದರೆ ಅದಕ್ಕೆ ಆತುರವಿಲ್ಲ. ಇದಲ್ಲದೆ ಸುಣ್ಣವೂ ಗಂಧಕಾಮ್ಲವೂ ಕೂಡಿದಾಗ ಜಿಪ್ಸಂ ಹುಟ್ಟುವುದು. ಅದು ತಾನು ಕಳೆದುಕೊಂಡ ಸುಣ್ಣಕಲ್ಲಿಗಿಂತ ಎರಡರಷ್ಟು ಜಾಗವನ್ನು ಹಿಡಿಯುವುದರಿಂದ ರಂಧ್ರಗಳನ್ನು ಮುಚ್ಚುವುದೆಂದು ಕೆಲವರು ಸಮಾಧಾನ ಹೇಳುವರು. ಅದೇ ಜಿಪ್ಸಮನ್ನು ಸವಳು ನೆಲಕ್ಕೆ ಹಾಕುವುದು ಏತಕ್ಕೆ? ಕಣಗಳು ಗುಂಪುಗೂಡಿ ನೆಲವು ನೀರನ್ನು ಕೆಳಗೆ ಬಿಡಲಿ ಎಂಬುದಕ್ಕೆ. ಸೋಡಿಯಂ ತುಂಬಿದ ಬೆಂಟೊನೈಟು ಈ ಪೆಟ್ಟನ್ನು ತಾಳಲಾರದು. ಕರಜಗಿಯ ಎರೆಯಂಥ, ಮೊದಲೇ ಸುಣ್ಣ ತುಂಬಿದ ಮಣ್ಣು ಇದರಿಂದ ಅಷ್ಟಾಗಿ ಕೆಡದು; ಕಳೆದುಕೊಳ್ಳುವಷ್ಟು ಬಿಗಿಯು ಅದಕ್ಕೆ ಮೊದಲೇ ಇಲ್ಲ.

ಈವರೆಗಿನ ವಾದವೆಲ್ಲ ಆಮ್ಲವನ್ನು ಕುರಿತುದು. ಕಲಬುರಗಿ ಸೀಮೆಯಲ್ಲಿ ಜನರನ್ನು ನಿಜವಾಗಿ ಪೀಡಿಸಿದುದು ಆಮ್ಲವಲ್ಲ, ಪಾಷಾಣ, ಎಂದರೆ ಆರ್ಸೆನಿಕ್. ಇಲ್ಲಿಯ ಚಿನ್ನದ ಅದುರುಗಳಲ್ಲಿ ಆರ್ಸೆನೊಪೈರೈಟ್ ಸೇರಿರುವುದುಂಟು. ಅದು ಗಾಳಿಗೆ ತೆರೆದಾಗ ಗಂಧಕಾಮ್ಲದೊಡನೆ ಪಾಷಾಣಾಮ್ಲವೂ ಹೊರಬೀಳುತ್ತದೆ. ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ದೀಪಂಕರ ಚಕ್ರವರ್ತಿ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಪರೀಕ್ಷೆಯು 2013ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ 59 ಕೊಳವೆಬಾವಿಗಳ ನೀರಿನಲ್ಲಿ ನೂರಕ್ಕೆ 79ರಷ್ಟು, ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿದ ಲೀಟರಿಗೆ 10 ಮೈಕ್ರೋಗ್ರಾಮಿನ ಮಿತಿಯನ್ನು ಮೀರಿದ್ದುವು, ಅತ್ಯಧಿಕವು 303. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗ್ರಾಮಿಗೆ 2000 ಮಿಲಿಗ್ರಾಮಿಗೂ ಹೆಚ್ಚು ಪಾಷಾಣವಿದ್ದಿತು. ಪರೀಕ್ಷೆಗೆ ಒಳಗಾದ 181 ಜನರಲ್ಲಿ ನೂರಕ್ಕೆ 58.6ರಷ್ಟು ಮಂದಿಯ ಚರ್ಮದಲ್ಲಿ ಪಾಷಾಣದ ಗುರುತುಗಳಿದ್ದುವು. ಒಂದು ತಾಂಡಾದಲ್ಲಿ ನೂರಕ್ಕೂ ಮಿಕ್ಕು ಜನ.

ಈ ಸಂಶೋಧನೆಯ ಬೆಲೆಯು ದೊಡ್ಡದು. ರೋಗವನ್ನು ಕೂದಲಲ್ಲಿ, ಉಗುರಿನಲ್ಲಿ, ಚರ್ಮದಲ್ಲಿ ತೋರಿಸಿಕೊಟ್ಟ ಮೇಲೆ ಅಲ್ಲಗಳೆಯಲು ಯಾರಿಗೂ ಎಡೆಯುಳಿಯಲಿಲ್ಲ. ಪಾಷಾಣವು ಗಣಿಹುಡಿಯಿಂದ ಬಂದಿತೋ ಶಿಲೆಯಿಂದಲೇ ಬಂದಿತೋ, ಯಾವುದರ ಪಾಲು ಎಷ್ಟೆಂಬುದನ್ನು ಲೇಖಕರು ಮುಂದಿನ ಶೋಧನೆಗೆ ಬಿಟ್ಟಿರುವುದೂ ಪ್ರಾಮಾಣಿಕವಾದುದು. ಆದರೆ ಪ್ರಕೃತ ಪ್ರಶ್ನೆಗೆ ಮೇಲ್ಮಣ್ಣಿನ ಹನ್ನೆರಡು ಮಾದರಿಗಳು ಸಾಲವು. ಮೇಲೆ ಕೂಡಿಕೊಂಡ ಪಾಷಾಣವು ಮಣ್ಣಿನಲ್ಲಿ ಎಷ್ಟು ಆಳದವರೆಗೆ ಇಳಿದಿದೆ, ಜೇಡಿಯ ಪದರದಲ್ಲಿ ನಿಂತಿದೆಯೇ, ಕಬ್ಬಿಣದ ಕೆಂಪಿನೊಡನೆ ಅಂಟಿದೆಯೇ ಎಂಬುದನ್ನು ಮೇಲ್ಮಣ್ಣು ಹೇಳಲಾರದು. ಮಣ್ಣಿನಲ್ಲಿ ಪಾಷಾಣ ಹೆಚ್ಚಿದೆಯೆಂದರೆ ಮಣ್ಣು ಅದನ್ನು ಹಿಡಿದು ಬಾವಿಯನ್ನು ಕಾಪಾಡಿತೆಂದೂ ವಾದಿಸಬಹುದು, ಮಣ್ಣೇ ಬಾವಿಗೆ ವಿಷವನ್ನು ಉಣಿಸುತ್ತಿದೆಯೆಂದೂ ವಾದಿಸಬಹುದು. ಎರಡು ವಿರುದ್ಧ ಸಿದ್ಧಾಂತಗಳಿಗೆ ಒಂದೇ ಅಂಕಿಯು ಸಾಕ್ಷಿಯಾಗುವುದಾದರೆ ಆ ಸಾಕ್ಷಿಯ ಬಲವೆಷ್ಟು?

ಇಷ್ಟು ಮಾತ್ರ ನಿಶ್ಚಿತ: ಎರೆಯ ವಿನಿಮಯಶಕ್ತಿಯು ತಾಮ್ರ, ಸತು, ಸೀಸಗಳಂಥ ಧನವಿದ್ಯುತ್ತಿನ ಅಣುಗಳಿಗೆ ಸಂಬಂಧಪಟ್ಟುದು. ಪಾಷಾಣವು ನೀರಿನಲ್ಲಿ ಋಣವಿದ್ಯುತ್ತಿನ ಅಣುವಾಗಿಯೋ ವಿದ್ಯುತ್ತೇ ಇಲ್ಲದ ಅಣುವಾಗಿಯೋ ಸಂಚರಿಸುವುದು. ಎರೆಯ ಋಣವಿದ್ಯುತ್ತಿನ ಮೈಗೆ ಅದು ನೆಂಟನಲ್ಲ. ಅದನ್ನು ಹಿಡಿಯುವುದು ಕಬ್ಬಿಣದ ಆಕ್ಸೈಡು, ಅದೂ ನೀರು ಹೆಚ್ಚು ಕ್ಷಾರವಾಗದಿರುವವರೆಗೆ. ಆಮ್ಲವನ್ನು ಸುಣ್ಣದಿಂದ ಮುರಿದು, ನೀರು ಕ್ಷಾರದ ಕಡೆಗೆ ತಿರುಗಿದಂತೆಲ್ಲ ಕಬ್ಬಿಣದ ಹಿಡಿತವು ಸಡಿಲವಾಗುತ್ತದೆ. ಗೋಗಿಯ ಯುರೇನಿಯಮಿನದೂ ಇಂಥದೇ ವಕ್ರಸ್ವಭಾವ: ಕಾರ್ಬೊನೇಟು ತುಂಬಿದ ನೀರಿನಲ್ಲಿ ಅದು ಕಾರ್ಬೊನೇಟಿನೊಡನೆ ಬೆಸೆದು, ಕರಗಿ, ಮಣ್ಣಿಗೆ ಅಂಟದೆ ಸಾಗಬಲ್ಲುದು. ಭೀಮಾ ಶ್ರೇಣಿಯು ಸುಣ್ಣಕಲ್ಲಿನದು. ಗಂಧಕಾಮ್ಲಕ್ಕೆ ಮದ್ದಾದ ಸುಣ್ಣವೇ ಯುರೇನಿಯಮಿಗೆ ವಾಹನವಾಗುವ ಈ ಸೀಮೆಯಲ್ಲಿ, ನೀರಿನ ಹುಳಿಯನ್ನು ಮಾತ್ರ ಅಳೆದು ತಡೆಯು ಸಫಲವಾಯಿತೆನ್ನುವವರ ಮಾತನ್ನು ಒಪ್ಪುವುದು ಅಪಾಯಕರ.

ಜೇಡಿಯೇ ಹುಳಿಯ ಮೂಲವಾಗುವುದೂ ಉಂಟೆಂಬುದನ್ನು ಪ್ರಸಂಗವಶಾತ್ ಹೇಳಬಹುದು. ಕೇರಳದ ಕುಟ್ಟನಾಡಿನ ‘ಕರಿ’ ನೆಲಗಳು ಹೆಸರಿನಲ್ಲಿಯೂ ಬಣ್ಣದಲ್ಲಿಯೂ ಎರೆಯ ಬಂಧುಗಳಂತೆ ಕಂಡರೂ, ಅವುಗಳಲ್ಲಿ ಪೈರೈಟು ಅಡಗಿರುವುದರಿಂದ ನೀರು ಬತ್ತಿದಾಗ ತಾವೇ ಗಂಧಕಾಮ್ಲವನ್ನು ಹೆರುವುವು.

ಬೀದರಿನ ಜಂಬಿಟ್ಟಿಗೆಯು ಇನ್ನೊಂದು ತುದಿ. ಕಬ್ಬಿಣದ ಆಕ್ಸೈಡಿನಿಂದ ಕೆಂಪಾದ ಆ ಕಲ್ಲು ಪಾಷಾಣವನ್ನು ಹಿಡಿಯುವ ಗುಣವುಳ್ಳುದು. ಈ ಜಾತಿಯ ಮಣ್ಣಿನಿಂದ ಮಾಡಿದ ಶೋಧಕಗಳನ್ನು ಪಶ್ಚಿಮ ಬಂಗಾಳದಲ್ಲಿ ಬಳಸಿರುವರು. ಆದರೆ ಅದು ನೀರನ್ನು ನಿಲ್ಲಿಸಲಾರದು. ಬಹಮನಿಗಳ ಕಾಲದ ಬೀದರಿನ ಸುರಂಗಬಾವಿಯು ಜಂಬಿಟ್ಟಿಗೆಯ ಮೂಲಕ ಇಳಿದ ನೀರನ್ನು ಅದರ ತಳದಲ್ಲಿ ಹಿಡಿದು ಒಯ್ಯುವುದರಿಂದಲೇ ಸಾಧ್ಯವಾದುದು. ನೀರನ್ನು ಹಿಡಿಯುವ ಎರೆಯು ಪಾಷಾಣವನ್ನು ಬಿಡುತ್ತದೆ. ಪಾಷಾಣವನ್ನು ಹಿಡಿಯುವ ಜಂಬಿಟ್ಟಿಗೆಯು ನೀರನ್ನು ಬಿಡುತ್ತದೆ. ಎರಡನ್ನೂ ಪದರಪದರವಾಗಿ ಕೂಡಿಸುವ ಪ್ರಯೋಗವು ಈ ಎರಡು ನೆಲಗಳೂ ನೆರೆಹೊರೆಯಲ್ಲಿರುವ ಸೀಮೆಯಲ್ಲಿ ನಡೆಯತಕ್ಕುದು.

ಹಾಗಾದರೆ ಎರೆಯು ನಿರುಪಯೋಗಿಯೇ? ಅಲ್ಲ. ಆಮ್ಲಜನಕವು ನೀರಿನಲ್ಲಿ ಗಾಳಿಯಲ್ಲಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುವುದು. ಆದುದರಿಂದ ಸದಾ ತೇವವಾಗಿರುವ ಎರೆಯ ಪದರಕ್ಕಿಂತ ಒಳ್ಳೆಯ ಗಾಳಿಬಾಗಿಲು ಸುಲಭವಾಗಿ ಸಿಕ್ಕದು. ‘ಸದಾ ತೇವವಾಗಿರುವ’ ಎಂಬ ವಿಶೇಷಣದಲ್ಲಿ ಎಲ್ಲವೂ ನಿಂತಿದೆ. ಕೆರೆಯ ಏರಿಯನ್ನು ಕಟ್ಟುವವರು ಎರೆಯನ್ನು ಒಡಲಿಗೆ ಹಾಕಿ ಎರಡು ಬದಿಗೂ ಗರಸಿನ ಹೊದಿಕೆ ಕೊಡುವುದು ಈ ಗುಟ್ಟನ್ನು ಬಲ್ಲುದರಿಂದಲೇ: ಬಿಸಿಲು ಕಾಣದ ಎರೆ ಬಿರಿಯದು. ಗಣಿಯ ದಿಬ್ಬದ ಮೇಲೂ ಎರೆಯು ಗರಸಿನ ಕೆಳಗೆ, ಬೇಸಗೆಯ ಒಣಗು ಇಳಿಯದಷ್ಟು ಆಳದಲ್ಲಿ ಇರಬೇಕು. ಒಂದು ಗೇಣಿನ ದಪ್ಪವು ಸಾಲದೆಂಬುದನ್ನು ರಮ್ ಜಂಗಲಿನ ಗೆದ್ದಲುಗಳು ತೋರಿಸಿಕೊಟ್ಟಿವೆ. ಕರಜಗಿಯ ಮಣ್ಣನ್ನು ಈ ಕಾರ್ಯಕ್ಕೆ ಪರೀಕ್ಷಿಸುವವರು ಪ್ರಯೋಗಶಾಲೆಯ ಶುದ್ಧಜಲವನ್ನಲ್ಲ, ಆಯಾ ಗಣಿಯ ನೀರನ್ನೇ ಅದರ ಮೂಲಕ ಹಾಯಿಸಿ, ಹೊರಬಂದ ನೀರಿನಲ್ಲಿ ಹುಳಿಯೊಡನೆ ಪಾಷಾಣವನ್ನೂ ಯುರೇನಿಯಮನ್ನೂ ಅಳೆದು, ಅದೇ ಮಣ್ಣನ್ನು ಒಂದು ಬೇಸಗೆ ಬಿಸಿಲಿಗೆ ಬಿಟ್ಟು ಮರಳಿ ಅಳೆಯತಕ್ಕುದು.